ಗುರುಬಾಯಿಯ ಖೋಲಿಗೆ ನಂಬರು

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಪ್ರಾರ್ಥನೆಗೆ ಇಸ್ತ್ರಿ ಮಾಡಿರುತ್ತಿತ್ತು. ಎಲ್ಲಿ ಮಂಡಿಯೂರಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಆಮೆನ್ ಅನ್ನಬೇಕು ಎಲ್ಲವೂ ಮೊದಲೇ ಗೊತ್ತು. ದೇವರಿಗೂ ಗೊತ್ತಿತ್ತೆಂದು ಕಾಣುತ್ತದೆ, ಆತ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಗುರುಬಾಯಿಯವರ ಪ್ರಾರ್ಥನೆ ಆ ಜಾತಿಯದಲ್ಲ. ಅವರು ದೇವರಿಗೆ ವಿಳಾಸ ಕೊಟ್ಟು ಪ್ರಾರ್ಥಿಸುತ್ತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಗಲ್ಲಿಯ ಆ ತುದಿಗೆ ಕೇಳುವಷ್ಟು ಎತ್ತರದ ದನಿಯಲ್ಲಿ ಶುರು ಮಾಡಿದರೆಂದರೆ ಹೀಗೆ:

"ಸ್ವಾಮಿ, ಖಾಡಿ ಕಡಿಂದ ಬಂದ್ರ ಎಡಕ್ಕ ನಾಕನೇ ಜೋಪಡಿ, ಮರೆಪ್ಪ. ಹುಮನಾಬಾದ ತಾಲೂಕಿನಂವ. ಚಮಡಾ ಕಾರಖಾನ್ಯಾಗ ಕೆಲಸ. ಎರಡು ವಾರದಿಂದ ಕೆಮ್ಮು. ದವಾಖಾನಿಗಿ ಹೋಗಂದ್ರ ಹೋಗವಲ್ಲ, ನೀನೇ ಬುದ್ಧಿ ಕೊಡು. ಹಿರೀ ಮಗಳಿಗಿ ಏಳು ವರ್ಷ, ಸಾಲಿ ಬಿಡಿಸ್ಯಾನ. ಅದಕ್ಕೂ ಬುದ್ಧಿ ಕೊಡು. ಮಗಳಿಗಲ್ಲ, ಅಪ್ಪಗ."

ತಗಡಿನ ಗೋಡೆಗಳ ಗಲ್ಲಿಯಲ್ಲಿ ಇಂಥ ಪ್ರಾರ್ಥನೆ ದೇವರಿಗೆ ಮುಟ್ಟುವ ಮೊದಲು ಮರೆಪ್ಪನಿಗೆ ಮುಟ್ಟುತ್ತಿತ್ತು. ಮಾರನೆಯ ವಾರ ಮಗಳು ಶಾಲೆಯಲ್ಲಿರುತ್ತಿದ್ದಳು. ಇದನ್ನು ಪವಾಡ ಅನ್ನುವುದೋ ಪ್ರಚಾರ ಅನ್ನುವುದೋ ಎಂದು ನನ್ನ ತಂದೆಗೆ ಕೊನೆಯವರೆಗೂ ತೀರ್ಮಾನಿಸಲಾಗಲಿಲ್ಲ.

ನನ್ನ ತಂದೆ ರೆವರೆಂಡ್ ಮೋನಪ್ಪ, ಮಂಗಳೂರಿನವರು, ಬೈಕಲಾದ ಕನ್ನಡ ಸಭೆಯ ಪಾದ್ರಿ. ಗುರುಬಾಯಿ ಅದೇ ಸಭೆಯ ಬೈಬಲ್‌ಬಾಯಿ. ಅಂದರೆ ಮನೆಮನೆಗೆ ಹೋಗಿ ಸತ್ಯವೇದ ಓದುವ, ಹೆಂಗಸರ ಕಷ್ಟ ಕೇಳುವ, ಮಕ್ಕಳಿಗೆ ಅಕ್ಷರ ತಿದ್ದಿಸುವ, ಬಾಯಿಗಿಂತ ಕಾಲಿಗೆ ಹೆಚ್ಚು ಕೆಲಸವಿರುವ ಉದ್ಯೋಗ. ಹದಿನೈದಕ್ಕೆ ಮದುವೆಯಾಗಿ, ಮಿಲ್ಲಿನಲ್ಲಿ ಕೆಲಸಕ್ಕಿದ್ದ ಗಂಡನ ಹಿಂದೆ ಬೀದರ್ ಸೀಮೆಯಿಂದ ಮುಂಬಯಿಗೆ ಬಂದವರು, ಇಪ್ಪತ್ತಾರಕ್ಕೆ ವಿಧವೆಯಾದರು. ಮಕ್ಕಳಿರಲಿಲ್ಲ. ಮಿಷನ್ನಿನವರು ಎರಡು ವರ್ಷ ಓದಿಸಿ, ಕೈಗೆ ಕಪ್ಪು ರಟ್ಟಿನ ಸತ್ಯವೇದ ಕೊಟ್ಟು, ಕಂಪೌಂಡಿನಲ್ಲೊಂದು ಕೋಣೆ ಕೊಟ್ಟರು. ಹತ್ತಡಿ ಉದ್ದ, ಹತ್ತಡಿ ಅಗಲ. ಆದರೆ ಒಳಗೇ ನಲ್ಲಿ, ಮೇಲೊಂದು ಫ್ಯಾನು. ಮುಂಬಯಿಯಲ್ಲಿ ಒಳಗೇ ನಲ್ಲಿ ಇರುವವರನ್ನು ಬಡವರೆಂದು ಕರೆಯುವ ಪದ್ಧತಿ ಇಲ್ಲ.

೧೯೬೮ರಲ್ಲಿ ಪಪ್ಪ ಅವರನ್ನು ಧಾರಾವಿಗೆ ಕಳಿಸಿದರು. ಬೀದರ್, ಗುಲ್ಬರ್ಗಾ ಕಡೆಯಿಂದ ಬಂದು ಚರ್ಮದ ಕೆಲಸ, ಕಟ್ಟಡದ ಕೆಲಸ ಹಿಡಿದ ನೂರಹನ್ನೆರಡು ಸಂಸಾರಗಳು ಖಾಡಿ ಎಂದು ಕರೆಯುವ ಹಿನ್ನೀರಿನ ಪಕ್ಕದ ಒಂದು ಗಲ್ಲಿಯಲ್ಲಿದ್ದವು. ಅವುಗಳಲ್ಲಿ ಹನ್ನೊಂದು ನಮ್ಮ ಸಭೆಯವರದು, ಉಳಿದವು ಹಿಂದೂಗಳದು. ಕುಡಿಯಲು ಒಂದೇ ನಲ್ಲಿ, ಕುಡಿಸಲು ಆರು ಭಟ್ಟಿ. ಭಟ್ಟರು ಕಾಲಿಡಲು ಹೆದರುವ ಜಾಗದಲ್ಲಿ ಭಟ್ಟಿಗಳು ಹಗಲಿರುಳು ಹೊಗೆಯಾಡುತ್ತಿದ್ದವು. ಕಳ್ಳಭಟ್ಟಿ ಸರಾಯಿಯ ಪಾಲಿನ ಜಗಳಕ್ಕೆ ಚಾಕು ಬರುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಹೆಣ ಬೀಳುತ್ತಿತ್ತು. ಟ್ಯಾಕ್ಸಿಯವರು ಸಾಯನ್ ಸ್ಟೇಷನ್ನಿನ ಹತ್ತಿರವೇ ಗಾಡಿ ನಿಲ್ಲಿಸಿ, ಮುಂದಿನದನ್ನು ಕಾಲಿಗೂ ಕರ್ಮಕ್ಕೂ ಬಿಡುತ್ತಿದ್ದರು.

ಮೊದಲ ವಾರವೇ ಗುರುಬಾಯಿಯವರ ಛತ್ರಿ ಹೋಯಿತು. ಯಾರೋ ಒಬ್ಬ ಕೈಯಿಂದ ಕಸಿದುಕೊಂಡು ಓಡಿದ. ಅವರು ಕೂಗಲಿಲ್ಲ, ಬೆನ್ನಟ್ಟಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿದರು. "ಸ್ವಾಮಿ, ನನ್ನ ಛತ್ರಿ ಒಯ್ದಂವ ಖಾಡಿ ಕಡಿ ಓಡ್ಯಾನ. ಹಸರು ಬನಿಯನ್ನು. ಎಡಗಾಲು ಎಳೀತಾನ. ಪಾಪ, ಮಳಿ ಬರೂದ್ರಾಗ ಅವಂಗ ಛತ್ರಿ ಬೇಕಿತ್ತೇನೋ. ಅವ್ವ ಇದ್ರ ಅವನವ್ವಗ ಸಮಾಧಾನ ಕೊಡು." ಎಡಗಾಲು ಎಳೆಯುವವನು ಗಲ್ಲಿಯಲ್ಲಿ ಒಬ್ಬನೇ. ಅವನವ್ವ ಗಟ್ಟಿಮುಟ್ಟಾಗಿಯೇ ಇದ್ದಳು. ಸಮಾಧಾನಕ್ಕೆ ಕಾಯದೆ ಅವಳೇ ಸಂಜೆ ಛತ್ರಿ ತಂದುಕೊಟ್ಟಳು, ಮಗನ ಕಿವಿಯನ್ನೂ ಜೊತೆಗೆ ಹಿಡಿದು.

ಪಪ್ಪನಿಗೆ ಈ ಪದ್ಧತಿ ಸರಿಬರಲಿಲ್ಲ.

"ಅಲ್ಲ ಗುರುಬಾಯಮ್ಮ, ದೇವರಿಗೆ ಎಲ್ಲ ಗೊತ್ತುಂಟಲ್ಲ? ಎಡಕ್ಕೆ ನಾಲ್ಕನೇ ಜೋಪಡಿ ಅಂತ ಹೇಳುವುದು ಎಂತಕ್ಕೆ?"

"ಅವಂಗ ಗೊತ್ತದರೀ ಅಯ್ಯಾರ. ನಂಗ ಗೊತ್ತಿರಬೇಕಲ್ಲ? ಹೆಸರ ಹಿಡೀದೆ 'ಎಲ್ಲರನ್ನೂ ಕಾಪಾಡು' ಅಂದ್ರ, ಒಬ್ಬರದೂ ಮಾರಿ ನೆನಪಾಗಲ್ಲ."

ಆ ಭಾನುವಾರ ಚರ್ಚಿನ ಪ್ರಸಂಗದಲ್ಲಿ ಪಪ್ಪ 'ಎಲ್ಲರನ್ನೂ' ಎಂದು ಹೇಳಿ ಒಂದು ಕ್ಷಣ ನಿಂತದ್ದು ನನಗೆ ನೆನಪಿದೆ.

ಒಂದು ವರ್ಷ ಕಳೆಯುವುದರಲ್ಲಿ ಗಲ್ಲಿಯ ಹೆಂಗಸರು ನಾಲ್ಕು ಬಿದಿರು, ಎಣ್ಣೆ ಡಬ್ಬಿ ಬಿಡಿಸಿದ ತಗಡು ಸೇರಿಸಿ ದೇವಕ್ಕನ ಜೋಪಡಿಯ ಪಕ್ಕದಲ್ಲಿ ಒಂದು ಖೋಲಿ ಎಬ್ಬಿಸಿದರು. ಬೆಳಿಗ್ಗೆ ಮಕ್ಕಳ ಶಾಲೆ, ಮಧ್ಯಾಹ್ನ ಹೆಂಗಸರ ಹೊಲಿಗೆ, ನಾಲ್ಕಕ್ಕೆ ಪ್ರಾರ್ಥನೆ. ಊರಿಗೆ ಕಾಗದ ಬರೆಸುವವರು, ಗಂಡ ಹೊಡೆದನೆಂದು ಅತ್ತು ಹೋಗುವವರು, ಅತ್ತೆ ಕಣ್ಣಿಗೆ ಬೀಳದೆ ಹತ್ತು ನಿಮಿಷ ಕಾಲು ಚಾಚುವವರು, ಎಲ್ಲರಿಗೂ ಅದೇ ಜಾಗ. ಇಡೀ ಗಲ್ಲಿಯಲ್ಲಿ ಹೆಂಗಸೊಬ್ಬಳು ಹೆದರದೆ ಬಾಗಿಲು ಹಾಕಿಕೊಳ್ಳಬಹುದಾದ ಖೋಲಿ ಅದೊಂದೇ. ಆದರೆ ಐದು ಗಂಟೆಗೆ ಗುರುಬಾಯಿ ಬೀಗ ಹಾಕಿ ಸಾಯನ್ನಿನಿಂದ ಲೋಕಲ್ ಹಿಡಿಯುತ್ತಿದ್ದರು. ಆಮೇಲೆ ಖೋಲಿ ಖಾಲಿ.

ಈ ಖಾಲಿತನದ ಮೇಲೆ ಖಂಡಪ್ಪನ ಕಣ್ಣಿತ್ತು. ಆರು ಭಟ್ಟಿಗಳಲ್ಲಿ ನಾಲ್ಕು ಅವನವೇ, ಗಲ್ಲಿಯ ದಾದಾ. ನಮ್ಮ ಮನೆಮಾತಾದ ತುಳುವಿನಲ್ಲಿ ದಾದ ಎಂದರೆ 'ಏನು?' ಎಂಬ ಪ್ರಶ್ನೆ. ಧಾರಾವಿಯಲ್ಲಿ ದಾದಾ ಎಂದರೆ ಯಾವ ಪ್ರಶ್ನೆಯನ್ನೂ ಕೇಳಬಾರದೆಂದು ಅರ್ಥ. ಅಗಲ ಎದೆ, ಬಿಳಿ ಪೈಜಾಮ, ಎಡ ಮೊಣಕೈಯ ಮೇಲೆ ಹಳೆಯ ಚಾಕುವಿನ ಗೆರೆ. ಅವ್ವ ಶರಣವ್ವ ಎಂದರೆ ಮಾತ್ರ ದನಿ ಮೆತ್ತಗಾಗುತ್ತಿತ್ತು. ಮೆತ್ತಗಾದರೂ ಉಪಯೋಗವಿರಲಿಲ್ಲ, ಶರಣವ್ವನಿಗೆ ಕಿವಿ ಕೇಳುತ್ತಿರಲಿಲ್ಲ.

ಗುರುಬಾಯಿ ಪ್ರತಿ ಗುರುವಾರ ಅವನ ಮನೆಯ ಮುಂದೆ ನಿಂತು ಪ್ರಾರ್ಥಿಸುತ್ತಿದ್ದರು. ಒಂದು ಗುರುವಾರ ಅವನು ಹೊರಗೆ ಬಂದ.

"ಬಾಯಿ, ನನ್ನ ಹೆಸರ ತಗೀರಿ ಅದರಾಗಿಂದ."

"ಹೆಂಗ ತಗೀಲಿ ತಮ್ಮಾ? ಅರ್ಜಿ ಒಳಗ ಹೋಗ್ಯಾದ. ಇನ್ನ ಸಾಹೇಬರೇ ನೋಡಬೇಕು."

"ಭಟ್ಟೀದು ಯಾಕ ಹೇಳ್ತೀರಿ? ಹಾದಿಗಿ ಹೋಗೋರೆಲ್ಲ ಕೇಳ್ತಾರ."

"ಖರೆ ಮಾತು. ಭಟ್ಟಿ ಬಂದ್ ಮಾಡು, ಹೇಳೂದೂ ಬಂದ್ ಮಾಡ್ತೀನಿ."

ಖಂಡಪ್ಪ ನಕ್ಕ, ಅವನ ನಗು ಬೈಗಳಕ್ಕಿಂತ ಕೆಟ್ಟದ್ದೆಂದು ಗಲ್ಲಿಯವರಿಗೆ ಗೊತ್ತಿತ್ತು. "ನೀವು ನಮ್ಮೋರಲ್ಲ ಬಾಯಿ. ಮುಂಜಾನಿ ಬರ್ತೀರಿ, ಸಂಜೀಕ ನಲ್ಲಿ, ಫ್ಯಾನು ಇರೋ ಮನಿಗಿ ಹೋಗ್ತೀರಿ. ನಿಮ್ಮ ದೇವರೂ ಐದು ಗಂಟೀಕ ಲೋಕಲ್ ಹಿಡೀತಾನೇನು? ಇಲ್ಲಿ ಕುತ್ತಿಗಿ ಕೊಯ್ಯೂದೆಲ್ಲ ಐದರ ಮ್ಯಾಲೇ ಅದ."

ಗುರುಬಾಯಿ ಯಾವ ಬೈಗಳಿಗೂ ಉತ್ತರ ಕೊಡಬಲ್ಲವರು. ಅವತ್ತು ಮಾತ್ರ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಚಹಾ ಕುಡಿಯುತ್ತ, "ಸೈತಾನನ ಬಾಯಾಗ ಒಂದೊಂದ್ಸಲ ಖರೆ ಮಾತೂ ಬರ್ತದ್ರೀ" ಎಂದರು.

೧೯೭೫ರ ನವೆಂಬರ್ ಕೊನೆಗೆ ಸುದ್ದಿ ಹಬ್ಬಿತು. ಜನವರಿಯ ಮೊದಲ ಭಾನುವಾರ ಸರಕಾರದವರು ಮುಂಬಯಿಯ ಎಲ್ಲ ಜೋಪಡಿಗಳ ಗಣತಿ ಮಾಡುತ್ತಾರೆ. ಒಂದೇ ದಿನ, ಎಲ್ಲ ಕಡೆ. ಅವತ್ತು ಜೋಪಡಿಯಲ್ಲಿದ್ದವರ ಹೆಸರು ಬರೆದು, ಬಾಗಿಲಿಗೆ ನಂಬರು ಹಾಕುತ್ತಾರೆ. ನಂಬರಿದ್ದವರಿಗೆ ಫೋಟೋಪಾಸು, ಇಲ್ಲೇ ವಾಸವೆಂಬ ಗುರುತಿನ ಚೀಟಿ. ಇಲ್ಲದ ಜೋಪಡಿಗೆ ಇವತ್ತಲ್ಲ ನಾಳೆ ಮುನಸಿಪಾಲ್ಟಿಯ ಲಾರಿ. ಗಣತಿಗೆ ಸಿಗದವರು ಗಣನೆಗೂ ಇಲ್ಲ. ಜೊತೆಗೇ ಗಲ್ಲಿಗೆ ಇನ್ನೊಂದು ಮಾತು ಬಂತು: ಯಾರೂ ವಾಸವಿಲ್ಲದ ಜೋಪಡಿಗೆ ನಂಬರಿಲ್ಲ.

ಖಂಡಪ್ಪ ತಡಮಾಡಲಿಲ್ಲ. ಗಣತಿಯ ದಿನ ತನ್ನ ಆಳು ಚಂದ್ರಾಮ ಪ್ರಾರ್ಥನೆಯ ಖೋಲಿಯಲ್ಲಿ ಸ್ಟೌ ಹಚ್ಚಿ ಕೂರುತ್ತಾನೆಂದು ನಲ್ಲಿಯ ಹತ್ತಿರ ನಿಂತು ಸಾರಿದ. ಖಾಲಿ ಬಿಟ್ಟರೆ ಲಾರಿಗೆ ಹೋಗುವ ಖೋಲಿ, ತಾನು ಹಿಡಿದರೆ ಗಲ್ಲಿಗೇ ಉಳಿಯಿತಲ್ಲ ಎಂಬುದು ಅವನ ವಾದ. ಐದನೇ ಭಟ್ಟಿಗೆ ಜಾಗವಾಯಿತು ಎಂಬುದು ಅದರ ತಾತ್ಪರ್ಯ.

"ಏಳು ವರ್ಷದಿಂದ ಇಲ್ಲೇ ಇದ್ದೀನಂತ ಬರಸ್ರಿ ಬಾಯಿ," ಎಂದ ಮರೆಪ್ಪ. "ಯಾರು ನೋಡಲಾಕ ಬಂದಾರ?"

"ಸುಳ್ಳು ಹೇಳಿ ಪ್ರಾರ್ಥನಾ ಖೋಲಿ ಉಳಿಸ್ಲೇನು? ದೀಪಕ್ಕ ನೀರು ಹಾಕಿದಂಗ ಆಗ್ತದ."

ಮಾರನೆಯ ದಿನ ಗುರುಬಾಯಿ ಪಪ್ಪನ ಮುಂದೆ ನಿಂತಿದ್ದರು. ಧಾರಾವಿಗೆ ಹೋಗಿ ಇದ್ದುಬಿಡುತ್ತೇನೆ ಎಂದರು. ಪಪ್ಪ ಕನ್ನಡಕ ತೆಗೆದು ಒರೆಸಿದರು. ಕಂಪೌಂಡಿನ ಕಟ್ಟಳೆ ಕಟ್ಟುನಿಟ್ಟು. ಕೋಣೆ ಬಿಟ್ಟು ಹೋದವರಿಗೆ ಮತ್ತೆ ಕೋಣೆ ಇಲ್ಲ. ಹದಿನೈದು ಜನ ಕಾಯುತ್ತಿದ್ದರು.

"ತಲೆ ಸಮ ಉಂಟಾ ನಿಮಗೆ? ಐವತ್ತೆಂಟು ವರ್ಷ ಆಯಿತು. ಇಲ್ಲಿಯ ಕೋಣೆ ಹೋಗಿ, ಅಲ್ಲಿ ನಂಬರೂ ಸಿಗದಿದ್ದರೆ ಎಲ್ಲಿ ಮಲಗುವುದು? ಸಾಯನ್ ಸ್ಟೇಷನ್ನಿನಲ್ಲಾ?"

"ಅಲ್ಲೂ ಜನ ಅದಾರ ಅಯ್ಯಾರ," ಎಂದರು ಗುರುಬಾಯಿ.

ಡಿಸೆಂಬರ್ ಮೂರಕ್ಕೆ ಒಂದು ಟ್ರಂಕು, ಒಂದು ಹಾಸಿಗೆಸುರುಳಿ, ಒಂದು ಕೊಡ ತೆಗೆದುಕೊಂಡು ಹೊರಟರು. ಕೋಣೆಯ ಬೀಗದ ಕೈಯನ್ನು ಅಮ್ಮನ ಕೈಗೆ ಕೊಟ್ಟು, "ನಲ್ಲಿ ಜರಾ ಸೋರ್ತದ್ರೀ, ಬರೋರಿಗಿ ಹೇಳ್ರಿ" ಎಂದರು. ಒಂದು ವಾರದೊಳಗೆ ಬೇರೆಯವರು ಬಂದರು. ಅಂದರೆ ಆ ಭಾನುವಾರಕ್ಕೆ ಕಾಯುತ್ತಿದ್ದದ್ದು ಬರೀ ಪ್ರಾರ್ಥನೆಯ ಖೋಲಿಯ ಹಣೆಬರಹವಲ್ಲ. ಗುರುಬಾಯಿಗೆ ಈ ಊರಿನಲ್ಲಿ ತಲೆಯ ಮೇಲೆ ಒಂದು ತಗಡಾದರೂ ಇದೆಯೋ ಇಲ್ಲವೋ ಎಂಬುದೂ ಅವತ್ತೇ ತೀರ್ಮಾನವಾಗಬೇಕಿತ್ತು.

ಗಲ್ಲಿ ಅವರನ್ನು ಹಾರ ಹಾಕಿ ಸ್ವಾಗತಿಸಲಿಲ್ಲ. ಖಂಡಪ್ಪನ ಹೆದರಿಕೆಗೆ ಹೆಂಗಸರು ನಾಲ್ಕು ಗಂಟೆಯ ಪ್ರಾರ್ಥನೆಗೆ ಬರುವುದು ಕಡಿಮೆಯಾಯಿತು. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ ಏಳು ವರ್ಷ ಜೊತೆಗೆ ಚಹಾ ಕುಡಿದ ನೆರೆಮನೆಯ ದೇವಕ್ಕ ಮೊದಲ ವಾರಕ್ಕೇ ಮಾತು ಬಿಟ್ಟಳು. ನಲ್ಲಿಯಲ್ಲಿ ಎದುರಾದರೆ ಕೆಂಪು ಕಣ್ಣಿನಲ್ಲಿ ಒಮ್ಮೆ ನೋಡಿ, ಕೊಡವನ್ನು ಕುಕ್ಕಿ ಇಡುವಳು. ಅವಳನ್ನೂ ಖಂಡಪ್ಪ ಹೆದರಿಸಿದ್ದಾನೆಂದು ಗುರುಬಾಯಿ ತಿಳಿದರು. ದಿನಾ ಅವಳಿಗಾಗಿ ವಿಶೇಷವಾಗಿ ಪ್ರಾರ್ಥಿಸಿದರು, ಸ್ವಲ್ಪ ಹೆಚ್ಚು ಎತ್ತರದ ದನಿಯಲ್ಲಿ. ದೇವಕ್ಕನ ಕಣ್ಣು ಇನ್ನಷ್ಟು ಕೆಂಪಾಯಿತು.

ಇದರ ಮೇಲೆ ಇನ್ನೊಂದು ತೊಡಕು. ಹೊಸ ವರ್ಷದ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಒಡಂಬಡಿಕೆಯ ಆರಾಧನೆ. ದೇವರ ಜೊತೆಗಿನ ಕರಾರನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳುವ ದಿನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ ಬೇರೆ. ಜ್ವರ ಬಂದವರೂ ಕಂಬಳಿ ಹೊದ್ದು ಬರುವ ಆರಾಧನೆ ಅದು. ಏಳು ವರ್ಷದಿಂದ ಗುರುಬಾಯಿಯೇ ಅದನ್ನು ಗಲ್ಲಿಯ ಸಭೆಯವರ ತಲೆಗೆ ಬಡಿದು ಕೂರಿಸಿದ್ದರು. ಹನ್ನೊಂದು ಕ್ರೈಸ್ತ ಸಂಸಾರಗಳೂ ಶನಿವಾರವೇ ಬಟ್ಟೆ ಒಗೆದು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಬಾಗಿಲಿಗೆ ಬೀಗ ಜಡಿದು ಬೆಳಿಗ್ಗೆ ಏಳರ ಲೋಕಲ್‌ಗೆ ಬೈಕಲಾಕ್ಕೆ ಹೊರಡಲು ಸಿದ್ಧ! ಬೇರೆ ಯಾವ ಜಾತಿಯವರೂ ಮಾಡದ ತಪ್ಪು. ದೇವರ ಕರಾರಿಗೆ ಸಹಿ ಹಾಕಲು ಹೋಗಿ ಮನೆಯ ಕರಾರು ಕಳೆದುಕೊಳ್ಳುವವರು. ಶನಿವಾರ ಸಂಜೆ ಇದು ಗೊತ್ತಾದಾಗ ಗುರುಬಾಯಿ ಇರಾನಿ ಹೋಟೆಲಿನಿಂದ ನಮ್ಮ ಕಂಪೌಂಡಿಗೆ ಫೋನ್ ಮಾಡಿಸಿದರು. ಜೀವನದಲ್ಲಿ ಅವರು ಮಾಡಿದ ಮೊದಲ ಫೋನು. ರಿಸೀವರ್ ಬೇಕಿರಲಿಲ್ಲವೆಂದು ಪಪ್ಪ ಆಮೇಲೆ ಹೇಳುತ್ತಿದ್ದರು.

"ಒಡಂಬಡಿಕೆ ತಪ್ಪಿಸಿದ್ರ ಪಾಪ, ಗಣತಿ ತಪ್ಪಿಸಿದ್ರ ಬೀದಿ. ಏನು ಮಾಡ್ಲಿ ಅಯ್ಯಾರ?"

ಪಪ್ಪ ಕಟ್ಟಳೆಯ ಮನುಷ್ಯ. ಪ್ರಭುಭೋಜನದ ಬಟ್ಟಲು ದೇವಾಲಯದ ಹೊಸ್ತಿಲು ದಾಟಿದ್ದು ಇತಿಹಾಸದಲ್ಲಿಲ್ಲ. "ಅವರನ್ನು ಅಲ್ಲೇ ಕೂರಿಸಿ," ಎಂದರು ಕೊನೆಗೆ. "ಮಧ್ಯಾಹ್ನ ನಾನೇ ಬರುತ್ತೇನೆ. ಬಟ್ಟಲೂ ಬರ್ತದೆ."

ಆ ಬೆಳಿಗ್ಗೆ ನಾನು ಧಾರಾವಿಯಲ್ಲಿರಲಿಲ್ಲ. ಮಧ್ಯಾಹ್ನ ಹಾರ್ಮೋನಿಯಂ ನುಡಿಸಲು ಪಪ್ಪನ ಜೊತೆ ಹೋದವಳು. ಆದರೆ ನಡೆದದ್ದನ್ನು ಬೇರೆ ಬೇರೆ ಒಂಬತ್ತು ಜನರ ಬಾಯಲ್ಲಿ ಕೇಳಿದ್ದೇನೆ. ಎಲ್ಲರೂ ಒಂದೇ ರೀತಿ ಹೇಳಿದರು. ಆ ಗಲ್ಲಿಯ ಮಟ್ಟಿಗೆ ಅದೇ ಒಂದು ಅದ್ಭುತ.

ಎಂಟು ಗಂಟೆಗೆ ಗಣತಿಯ ದಾಮ್ಲೆ ಮಾಸ್ತರು ಬಂದರು. ಮರಾಠಿ ಶಾಲೆಯ ಬಡಕಲು ಮೇಷ್ಟ್ರು. ಕಂಕುಳಲ್ಲಿ ಫಾರಮ್ಮಿನ ಕಟ್ಟು, ಹಿಂದೆ ಬಣ್ಣದ ಡಬ್ಬಿ ಹಿಡಿದ ಒಬ್ಬ ಸಿಪಾಯಿ. ಮೂರನೇ ಬಾಗಿಲಿಗೇ ಅವರ ತಲೆ ತಿರುಗಿತು. ವಯಸ್ಸು ಕೇಳಿದರೆ "ಆ ದೊಡ್ಡ ಬರ ಬಿದ್ದಾಗ ನಡೀತಿದ್ದೆ" ಎಂಬ ಉತ್ತರ. ಮಕ್ಕಳೆಷ್ಟು ಎಂದರೆ ಗಂಡ ಒಂದು ಹೇಳಿದ, ಹೆಂಡತಿ ಒಂದು. ಕೆಲವರು ಸಂತಾನಹರಣ ಚಿಕಿತ್ಸೆಗೆ ಹಿಡಿದುಕೊಂಡು ಹೋಗಲು ಬಂದಿದ್ದಾರೆಂದು ಗಂಡಸರನ್ನೇ ಬಚ್ಚಿಟ್ಟಿದ್ದರು. ಇನ್ನು ಕೆಲವರು ಜನ ಜಾಸ್ತಿ ಇದ್ದರೆ ಜಾಗ ಜಾಸ್ತಿ ಸಿಕ್ಕೀತೆಂದು ಎರವಲು ಮಕ್ಕಳನ್ನು ತಂದು ಸಾಲಾಗಿ ಕೂರಿಸಿದ್ದರು. ಒಂದೇ ಹುಡುಗಿ ಮೂರು ಮನೆಯಲ್ಲಿ ಮೂರು ಹೆಸರು ಹೇಳಿದಾಗ ದಾಮ್ಲೆ ಮಾಸ್ತರು ಫಾರಮ್ಮು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತರು.

ಗುರುಬಾಯಿಗೆ ಕನಿಕರ ಬಂತು. ಹತ್ತಿರ ಹೋಗಿ ತಮ್ಮ ಬೀದರ್ ಹಿಂದಿಯಲ್ಲಿ, ಸಾಹೇಬರೇ, ನಾನು ಹೇಳುತ್ತೇನೆ ಬರೆದುಕೊಳ್ಳಿ ಎಂದರು. ಕಣ್ಣು ಮುಚ್ಚಿ ಶುರು ಮಾಡಿದರು. ಎಡಕ್ಕೆ ಮೊದಲನೆಯದು, ಹೆಸರು, ಊರು, ತಾಲೂಕು, ಕೆಲಸ, ಹೆಂಡತಿ, ಮಕ್ಕಳು, ಅವರವರ ವಯಸ್ಸು. ಎರಡನೆಯದು. ಮೂರನೆಯದು. ಏಳು ವರ್ಷ ವಾರವಾರವೂ ದೇವರಿಗೆ ಒಪ್ಪಿಸಿದ್ದ ಪಟ್ಟಿಯನ್ನು ಅದೇ ದನಿಯಲ್ಲಿ ಸರಕಾರಕ್ಕೂ ಒಪ್ಪಿಸಿದರು.

"ಬಾಯಿ, ಆಂಖ್ ಖೋಲ್ ಕೆ ಬೋಲೋ," ಎಂದರು ಮಾಸ್ತರು, ಕಣ್ಣು ಮುಚ್ಚಿದ ಸಾಕ್ಷಿಯನ್ನು ನಂಬುವುದು ಹೇಗೆಂದು.

"ಕಣ್ಣು ತಗದ್ರ ಮರೀತೀನ್ರೀ ಸಾಹೇಬ್ರ."

ಮುಚ್ಚಿದ ಕಣ್ಣಿನಲ್ಲೇ ಎರವಲು ಮಕ್ಕಳನ್ನು ಅವರವರ ಮನೆಗೆ ವಾಪಸು ಮಾಡಿದರು, ಬಚ್ಚಿಟ್ಟ ಗಂಡಸರನ್ನು ಮಂಚದ ಕೆಳಗಿನಿಂದ ಹೊರಗೆ ಕರೆದರು. "ಬಂಡೆಪ್ಪಾ, ಹೊರಗ ಬಾ, ಪೆನ್ನು ಬಿಟ್ರ ಮಾಸ್ತರ ಕೈಯಾಗ ಏನೂ ಇಲ್ಲ." ಗಲ್ಲಿ ಬೈಯ್ಯುತ್ತ, ನಗುತ್ತ ಅವರ ಹಿಂದೆ ಹಿಂದೆ ಬಂತು. ಫಾರಮ್ಮುಗಳು ತುಂಬಿದವು. ದಾಮ್ಲೆ ಮಾಸ್ತರಿಗೆ ಚಹಾ ಬಂತು.

ಮುಂದಿನದು ಖಂಡಪ್ಪನ ಮನೆ. ಅವನು ಸರಕಾರದವರ ಕಣ್ಣಿಗೆ ಬೀಳದಂತೆ ಪೀಪಾಯಿಗಳನ್ನು ಖಾಲಿ ಮಾಡಿಸಲು ಖಾಡಿಯ ಕಡೆ ಹೋಗಿದ್ದ. ಹೆಂಡತಿ, ಮಕ್ಕಳು, ತಮ್ಮ ಎಲ್ಲರೂ ಅದೇ ಕೆಲಸಕ್ಕೆ. ಮನೆಯಲ್ಲಿ ಶರಣವ್ವ ಒಬ್ಬಳೇ. ಎಷ್ಟು ಜನ ಎಂದು ಮಾಸ್ತರು ಮೂರು ಸಲ ಕೂಗಿದರು. "ಆತು, ಊಟ ಆತು," ಎಂದಳು ಮುದುಕಿ. ಮಾಸ್ತರು 'ಒಂದು' ಎಂದು ಬರೆಯಲು ಹೊರಟರು. ಒಂದಾಗಲಿ ಬಿಡು, ಅವನಿಗೆ ಬುದ್ಧಿ ಬರಲಿ ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

"ಏಳು," ಎಂದರು ಗುರುಬಾಯಿ, ಕಣ್ಣು ಮುಚ್ಚಿಯೇ. "ಖಂಡಪ್ಪ, ನಲವತ್ತೆರಡು. ಅವ್ವ ಶರಣವ್ವ. ಹೇಣ್ತಿ ಇಂದ್ರಾಬಾಯಿ. ಗಂಡುಮಕ್ಕಳು ಎರಡು. ತಮ್ಮ ಒಬ್ಬ. ಒಂದು ಹೆಣ್ಣುಕೂಸು, ಹುಟ್ಟಿ ಮೂರು ವಾರ ಆತು. ಇನ್ನ ಹೆಸರಿಟ್ಟಿಲ್ಲ, ಆದ್ರ ಅದೂ ಅದ."

"ಧಂಧಾ?" ಎಂದು ಕೇಳಿದರು ಮಾಸ್ತರು. ಕಸುಬು ಏನು?

ಗುರುಬಾಯಿ ಸುಳ್ಳು ಹೇಳುವವರಲ್ಲ ಎಂದು ಎಲ್ಲರಿಗೂ ಗೊತ್ತು.

"ಅದನ್ನ ಅವನ್ನೇ ಕೇಳ್ರಿ ಸಾಹೇಬ್ರ," ಎಂದರು. "ಆ ವಿಷಯ ನಾ ಬ್ಯಾರೆ ಆಫೀಸಿಗಿ ಬರದೀನಿ."

ಅಲ್ಲಿಂದ ಪ್ರಾರ್ಥನೆಯ ಖೋಲಿಗೆ ಬಂದರೆ ಗುರುಬಾಯಿಯವರ ಟ್ರಂಕು ಹೊರಗಿತ್ತು. ಒಳಗೆ ಚಂದ್ರಾಮ ಸ್ಟೌ ಹಚ್ಚಿ, ಅದರ ಮೇಲೆ ಖಾಲಿ ಪಾತ್ರೆ ಇಟ್ಟು, ಸಂಸಾರಸ್ಥನ ಗತ್ತಿನಲ್ಲಿ ಕೂತಿದ್ದ. ಅವರು ಮಾಸ್ತರ ಜೊತೆ ಊರೆಲ್ಲ ಎಣಿಸುತ್ತ ತಿರುಗಿದ ಎರಡು ತಾಸಿನಲ್ಲಿ ಅವರ ಮನೆಯೇ ಎಣಿಕೆಯಿಂದ ಜಾರಿತ್ತು.

"ಇದ್ರಾಗ ನಾ ಇರೋದು," ಎಂದ ಚಂದ್ರಾಮ.

"ಒಂದು ತಿಂಗಳಿಂದ ನಾ ಇರೋದು," ಎಂದರು ಗುರುಬಾಯಿ. ಅವರ ದನಿ ಮೊದಲ ಸಲ ಸಣ್ಣಗಾಗಿತ್ತು.

ದಾಮ್ಲೆ ಮಾಸ್ತರು ನ್ಯಾಯವಂತ. ಬಾಯಿಯವರ ಮೇಲೆ ಅವರಿಗೆ ಎಷ್ಟೇ ಪ್ರೀತಿ ಬಂದಿದ್ದರೂ ಫಾರಮ್ಮಿಗೆ ಪ್ರೀತಿಯ ಕಾಲಂ ಇರಲಿಲ್ಲ. ತಿರುಗಿ ಗಲ್ಲಿಯನ್ನೇ ಕೇಳಿದರು: ಇಲ್ಲಿ ರಾತ್ರಿ ಮಲಗುವವರು ಯಾರು? ನೋಡಿದವರು ಹೇಳಿ.

ಯಾರೂ ಹೇಳಲಿಲ್ಲ. ಬೆಳಗಿನಿಂದ ಹಿಂದೆ ನಗುತ್ತ ಬಂದವರೆಲ್ಲ ನೆಲ ನೋಡಿದರು. ಮರೆಪ್ಪ ಕೆಮ್ಮಿದ, ಅಷ್ಟೇ. ನಾಳೆಯೂ ಇದೇ ಗಲ್ಲಿಯಲ್ಲಿ, ಇದೇ ಖಂಡಪ್ಪನ ಕೈಕೆಳಗೆ ಬದುಕಬೇಕಾದವರು. ಮಾಸ್ತರು ಇನ್ನೊಮ್ಮೆ ಕೇಳಿದರು. ಚಂದ್ರಾಮ ನಗುತ್ತ, "ಬರೀರಿ ಸಾಬ್. ಈಕಿ ಇಲ್ಲಿ ಮಲಗೂದು ಯಾರೂ ನೋಡಿಲ್ಲ" ಎಂ‍ದ.

ಆ ಮಾತಿಗೆ ದೇವಕ್ಕನ ಸಹನೆಯ ಕಟ್ಟೆ ಒಡೆಯಿತು.

"ನೋಡಬೇಕೇನೋ ಮುಕಳ್ಯಾ?" ಎಂದು ಕೈಯಲ್ಲಿದ್ದ ಕೊಡ ಎತ್ತಿಕೊಂಡೇ ಮುಂದೆ ನುಗ್ಗಿದಳು. "ನೋಡೂದ್ಯಾಕ, ಕೇಳಿಲ್ಲೇನು? ಒಂದು ತಿಂಗಳಾತು ಸಾಹೇಬ್ರ, ನನ್ನ ಕಣ್ಣಿಗಿ ನಿದ್ದಿ ಇಲ್ಲ! ಈಕಿ ಗೊರಕಿ ಹೊಡೀತಾಳ್ರೀ, ಗೊರಕಿ! ಚಮಡಾ ಕಾರಖಾನಿ ಮಶೀನು ಸುದ್ದಾ ಹತ್ತು ಗಂಟೀಕ ಬಂದ್ ಆಗ್ತದ, ಈಕೀದು ಬಂದ್ ಆಗಲ್ಲ. ದೇವರ ಮಂದಿ, ಹೆಂಗ ಹೇಳೂದಂತ ಸುಮ್ಮಕಿದ್ದೆ. ಮ್ಯಾಲಿಂದ ಮುಂಜಾನಿ ಎದ್ದು, 'ದೇವಕ್ಕಗ ಶಾಂತಿ ಕೊಡು ಸ್ವಾಮಿ' ಅಂತಾಳ! ಅವ ಎಲ್ಲಿಂದ ಕೊಡ್ತಾನ, ಈಕಿ ಬಿಟ್ರಲ್ಲ?"

ಗುರುಬಾಯಿ ಕಣ್ಣು ತೆರೆದರು. "ನಾ ಗೊರಕಿ ಹೊಡ್ಯಂಗಿಲ್ಲ."

ಅವರು ಸುಳ್ಳು ಹೇಳಿದ್ದಲ್ಲ. ಘಟನೆ ನಡೆದಾಗಲೆಲ್ಲ ಅವರು ನಿದ್ದೆಯಲ್ಲಿದ್ದರು.

"ಹೊಡೀತೀರ್ರೀ ಬಾಯಿ," ಎಂದ ಎದುರುಮನೆಯ ಬಂಡೆಪ್ಪ, ಬಾಯಿ ಬಂದವನಂತೆ. "ನಮ್ಮನಿ ತಗಡ ಅದುರ್ತದ." ಮೊದಮೊದಲು ರೈಲೇ ಬಂತೆಂದು ತಿಳಿದಿದ್ದೆ ಎಂದಳು ಇನ್ನೊಬ್ಬಳು. ಮಗು ಎದ್ದು ಕೂರುತ್ತದೆ ಎಂದ ಮತ್ತೊಬ್ಬ. ಒಂದು ತಿಂಗಳು ಮರ್ಯಾದೆಗೆ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಹೆದರಿಕೆಗಿಂತ ನಿದ್ದೆಗೇಡು ದೊಡ್ಡದೆಂದು ಗಲ್ಲಿ ಒಂದೇ ದನಿಯಲ್ಲಿ ಸಾಕ್ಷಿ ನುಡಿಯಿತು. ಗುಂಪಿನ ಹಿಂದೆಯೇ ಬಂದಿದ್ದ ಶರಣವ್ವ ಗದ್ದಲ ಏನೆಂದು ತಿಳಿಯದೆ ಪಕ್ಕದವರನ್ನು ತಿವಿದು ಕೇಳಿದಳು. ಯಾರೋ ಮೂಗಿನಲ್ಲಿ ಗೊರಕೆ ಮಾಡಿ ತೋರಿಸಿದರು. ಮುದುಕಿಯ ಮುಖ ಅರಳಿತು.

"ಓ, ಅದಾ? ಅದು ನಂಗೂ ಕೇಳ್ತದ!"

ದಾಮ್ಲೆ ಮಾಸ್ತರು ಗಂಭೀರವಾಗಿ ಚಂದ್ರಾಮನ ಕಡೆ ತಿರುಗಿದರು. ನೀನು ಗೊರಕೆ ಹೊಡೆಯುತ್ತೀಯಾ ಎಂದು ಕೇಳಿದರು. "ನಹೀ ಸಾಬ್," ಎಂದ ಚಂದ್ರಾಮ, ಒಳ್ಳೆಯ ಗುಣವೆಂದು ತಿಳಿದು.

ಮಾಸ್ತರು ಬರೆದುಕೊಂಡರು.

ಅಷ್ಟರಲ್ಲಿ ಖಂಡಪ್ಪ ಬಂದ. ಗುಂಪು ಎರಡಾಗಿ ಸೀಳಿತು. ಅವನು ಯಾರನ್ನೂ ಮಾತಾಡಿಸದೆ ಮಾಸ್ತರ ಹತ್ತಿರ ಹೋಗಿ, ನನ್ನ ಮನೆಯದ್ದು ಏನು ಬರೆದಿದ್ದೀರಿ ಎಂದ. ಮಾಸ್ತರು ಓದಿದರು. ಖಂಡಪ್ಪ ಬೆರಳು ಮಡಚುತ್ತ ಕೇಳಿದ. ಏಳನೆಯ ಬೆರಳಿಗೆ ನಿಂತ.

"ಕೂಸಿಂದೂ ಬರದೀರಿ? ಹೆಸರಿಲ್ಲದ್ದು?"

"ಬಾಯಿನೇ ಲಿಖವಾಯಾ." ಬಾಯಿಯೇ ಬರೆಸಿದ್ದು.

"ಧಂಧೆ ಕಡಿ ಏನೂ ಬರದಿಲ್ಲ?"

ಮಾಸ್ತರು ಖಾಲಿ ಕಾಲಂ ತೋರಿಸಿದರು. ಖಂಡಪ್ಪ ಅದನ್ನು ಬಹಳ ಹೊತ್ತು ನೋಡಿದ. ಓದು ಬಾರದವನು ಖಾಲಿ ಜಾಗವನ್ನು ಅಷ್ಟು ಹೊತ್ತು ಓದಿದ್ದನ್ನು ತಾನು ಎಂದೂ ಕಂಡಿರಲಿಲ್ಲ ಎಂದು ಬಂಡೆಪ್ಪ ಹೇಳುತ್ತಿದ್ದ. ಆಮೇಲೆ ಖೋಲಿಯ ಬಾಗಿಲಿಗೆ ಹೋಗಿ, "ಏ ಚಂದ್ರಾಮ, ಎದ್ದೇಳೋ. ಸ್ಟೌ ಆರಿಸು," ಎಂದ. ಹೊರಗಿದ್ದ ಟ್ರಂಕನ್ನು ತಾನೇ ಎತ್ತಿ ಒಳಗಿಟ್ಟ. ಹೊರಗೆ ಬಂದು ಗುರುಬಾಯಿಯವರ ಮುಂದೆ ನಿಂತ.

"ಬಾಯಿ, ಇರ್ರಿ. ಗೊರಕಿ ಮಾತ್ರ ಜರಾ ಸಣ್ಣಂಗ ಹೊಡೀರಿ."

ಸಿಪಾಯಿ ಬಾಗಿಲಿಗೆ ಬಣ್ಣದಲ್ಲಿ ನಂಬರು ಬರೆದ. ಗುರುಬಾಯಿಯವರ ಕಸುಬು ಏನೆಂದು ಬರೆಯಲಿ ಎಂದು ಮಾಸ್ತರು ಯೋಚಿಸಿ, "ಸರ್ವಿಸ್?" ಎಂದರು, ನೌಕರಿ ಎಂಬ ಅರ್ಥದಲ್ಲಿ. "ಹೌದ್ರೀ," ಎಂದರು ಗುರುಬಾಯಿ, ಪ್ರಾರ್ಥನೆ ಎಂಬ ಅರ್ಥದಲ್ಲಿ. "ದಿನಾ ನಾಕು ಗಂಟೀಕ."

ಮಧ್ಯಾಹ್ನ ಮೂರಕ್ಕೆ ಪಪ್ಪ, ನಾನು, ಹಾರ್ಮೋನಿಯಂ, ಬಿಳಿ ಬಟ್ಟೆಯಲ್ಲಿ ಸುತ್ತಿದ ಪ್ರಭುಭೋಜನದ ಬಟ್ಟಲು ಗಲ್ಲಿಗೆ ಬಂದಾಗ ನಮಗೆ ಏನೂ ಗೊತ್ತಿರಲಿಲ್ಲ. ಪಪ್ಪ ಮೊದಲು ಬಾಗಿಲು ನೋಡಿದರು. ನಂಬರು ಇನ್ನೂ ಹಸಿಯಾಗಿತ್ತು. ಬೆರಳಿನಿಂದ ಮುಟ್ಟಿ, ಬಣ್ಣ ಹತ್ತಿದ ಬೆರಳನ್ನು ಒರೆಸಿಕೊಳ್ಳದೆ ಹಾಗೇ ನಿಂತರು.

ಹನ್ನೊಂದು ಸಂಸಾರಕ್ಕೆಂದು ಹಾಸಿದ ಚಾಪೆಗಳಲ್ಲಿ ಇಡೀ ಗಲ್ಲಿ ಬಂದು ಕೂತಿತ್ತು. ಖೋಲಿಯೊಳಗೆ ಹಿಡಿಸುವ ಮಾತೇ ಇಲ್ಲ, ಆರಾಧನೆ ಬೀದಿಯಲ್ಲೇ. ಮುದುಕರಿಗೆ ಕೂರಲು ಏನಾದರೂ ಬೇಕಲ್ಲ ಎಂದು ಯಾರೋ ಖಾಡಿಯ ಕಡೆಯಿಂದ ನಾಲ್ಕು ಖಾಲಿ ಪೀಪಾಯಿ ಉರುಳಿಸಿಕೊಂಡು ಬಂದು ಬೋರಲು ಹಾಕಿದರು. ಬದುಕಿನಲ್ಲಿ ಕೆಮ್ಮಿನ ಔಷಧಿಯನ್ನೂ ಮೂಸಿ ಕುಡಿದ ನನ್ನ ತಂದೆ ಅವುಗಳಲ್ಲೊಂದರ ಮೇಲೆ ಬಿಳಿ ಬಟ್ಟೆ ಹಾಸಿ, ಬಟ್ಟಲು ಇಟ್ಟರು. ಮೂಗು ಒಮ್ಮೆ ಅರಳಿತು. ಒಡಂಬಡಿಕೆಯ ಮಾತುಗಳನ್ನು ಅವರು ಓದಿದಾಗ ಸಭೆಯವರು ಉತ್ತರ ಕೊಡಬೇಕು. ಉತ್ತರ ಗೊತ್ತಿದ್ದವರು ನಲವತ್ತು ಜನ, ಕೊಟ್ಟವರು ಎರಡು ನೂರು. ನನ್ನ ಹಾರ್ಮೋನಿಯಂ ಯಾರಿಗೂ ಕೇಳಿಸಲಿಲ್ಲ. ಸಂಗೀತಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ. ಮೊದಲ ಸಾಲಿನಲ್ಲಿ ದೇವಕ್ಕ ಮತ್ತು ಗುರುಬಾಯಿ ಒಂದೇ ಚಾಪೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರು. ಪ್ರಸಂಗದ ನಡುವೆ ದೇವಕ್ಕ ತಲೆ ವಾಲಿಸಿ ನಿದ್ದೆ ಹೋದಳು. ಗುರುಬಾಯಿ ಅಲುಗಾಡದೆ ಹೆಗಲು ಕೊಟ್ಟರು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ಖಂಡಪ್ಪ ಹತ್ತಿರ ಬರಲಿಲ್ಲ, ಕೂರಲೂ ಇಲ್ಲ. ಗಲ್ಲಿಯ ಬಾಯಲ್ಲಿ, ಎಲ್ಲರೂ ಚಪ್ಪಲಿ ಬಿಟ್ಟ ಜಾಗದಲ್ಲಿ ಕೈಕಟ್ಟಿ ನಿಂತಿದ್ದ. ಚರ್ಮವೇ ದುಡ್ಡಾದ ಧಾರಾವಿಯಲ್ಲಿ ಎರಡು ನೂರು ಜೊತೆ ಚಪ್ಪಲಿ, ಅವುಗಳ ನಡುವೆ ಪಪ್ಪನ ಬೈಕಲಾ ಬೂಟು, ಎರಡು ತಾಸು ಬೀದಿಯಲ್ಲಿ ಬಿದ್ದಿದ್ದವು. ಒಂದೂ ಹೋಗಲಿಲ್ಲ. ಆರಾಧನೆ ಮುಗಿದು ಪಪ್ಪ ತಮ್ಮ ಬೂಟು ಹುಡುಕಲು ಬಗ್ಗಿದಾಗ ಖಂಡಪ್ಪ ಅದನ್ನು ತಂದು ಮುಂದಿಟ್ಟ.

"ಅಯ್ಯಾರ, ಕೂಸಿಗಿ ಹೆಸರಿಡೂದು ಅದ, ಬರೂ ಐತವಾರ," ಎಂದ. "ನಮ್ಮ ದೇವರ ಮುಂದೇ ಇಡ್ತೀವಿ. ಆದ್ರ ಬಾಯಿ ಬರಬೇಕು. ಅದರ ಹೆಸರ ಮೊದಲ ಆಕಿಗೇ ಗೊತ್ತಾಗಬೇಕು."

"ಬರ್ತಾರೆ," ಎಂದರು ಪಪ್ಪ, ಬೂಟಿನ ಲೇಸು ಕಟ್ಟುತ್ತ. "ಅವರ ಮನೆ ಇಲ್ಲೇ ಉಂಟಲ್ಲ."